ನಾಲ್ಕು ಹೆಜ್ಜೆ ದೂರದಿಂದ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಸೊಳ್ಳೆಯಕ್ಕ ಎಂದೇ ಕರೆಯುತ್ತಿದ್ದರು. ಸೂಜಿ ಒಳಗೆ ಹೋದದ್ದೂ ಹೊರಗೆ ಬಂದದ್ದೂ ಗೊತ್ತಾಗದಂತೆ ರಕ್ತ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಇಪ್ಪತ್ತಾರು ವರ್ಷಗಳಿಂದ ಅದೇ ಕುರ್ಚಿ, ಅದೇ ಕಿಟಕಿ, ದಿನಕ್ಕೆ ನಲವತ್ತು ತೋಳುಗಳು. ಅಡ್ಡಹೆಸರಿಗೆ ಅವಳು ಬೇಜಾರು ಮಾಡಿಕೊಂಡವಳಲ್ಲ. "ಸೊಳ್ಳೆ ಕಚ್ಚಿದ್ರೆ ತುರಿಕೆಯಾದ್ರೂ ಆಗುತ್ತೆ, ನಾನು ಅದನ್ನೂ ಬಿಟ್ಟು ಹೋಗಲ್ಲ" ಎಂದು ತಾನೇ ನಗುತ್ತಿದ್ದಳು.

ಐವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ತಂಗಿಯ ಮನೆಯ ಬೀರುವಿನಲ್ಲಿ ಬಟ್ಟೆಗಳ ಹಿಂದೆ ಬಿದ್ದಿದ್ದ ಸಣ್ಣ ಕ್ಯಾಮೆರಾವನ್ನು "ಒಂದು ವಾರ ಇಟ್ಕೋತೀನಿ" ಎಂದು ತಂದವಳು, ಆಮೇಲೆ ಹಿಂತಿರುಗಿಸುವ ಮಾತನ್ನೇ ಎತ್ತಲಿಲ್ಲ. ಹೂವು, ಬೆಟ್ಟ, ಮುಳುಗುವ ಸೂರ್ಯ ಯಾವುದೂ ಅವಳಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಬೀದಿಯ ಜನ. ಲ್ಯಾಬಿಗೆ ಬರುವವರೆಲ್ಲ ಹೆದರಿದ ಮುಖ ಹೊತ್ತು ಬರುತ್ತಾರೆ. ಅವರೇ ಹೊರಗೆ ಹೇಗಿರುತ್ತಾರೆ ಎಂದು ನೋಡುವ ಆಸೆ.

ಮೂರು ವಾರವಾದ ಮೇಲೆ ತಂಗಿ ಬಂದಳು. ಸೋಫಾದ ಮೇಲೆ ಕಾಲು ಮಡಚಿ ಕೂತು ನಾನೂರು ಚಿತ್ರಗಳನ್ನೂ ನೋಡಿ ಮುಗಿಸಿದಳು.

"ಏನಕ್ಕಾ ಇದು, ಬರೀ ಬೆನ್ನು! ಈ ಊರಲ್ಲಿ ಯಾರಿಗೂ ಮುಖಾನೇ ಇಲ್ವಾ?"

"ಮುಂದೆ ಹೋಗಿ ನಿಂತ್ರೆ ಬೈತಾರೆ ಕಣೇ."

"ದಿನಾ ಜನರನ್ನ ಚುಚ್ಚೋಳು ನೀನು. ನಿಂಗೆ ಬೈಗುಳದ ಭಯಾನಾ?"

ಮಾತು ನಾಟಿತು. ಲ್ಯಾಬಿನಲ್ಲಿ ಜನರೇ ಬಂದು ಅಂಗಿಯ ತೋಳು ಮಡಚಿ ಕೈ ಚಾಚುತ್ತಾರೆ. ಬೀದಿಯಲ್ಲಿ ಯಾರೂ ಚಾಚುವುದಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಆ ಅಷ್ಟೇ ಎನ್ನುವುದು ಅವಳ ಪಾಲಿಗೆ ಗೋಡೆಯಷ್ಟು ದಪ್ಪವಾಗಿತ್ತು. ಅಂದೇ ಅವಳು ನಿರ್ಧರಿಸಿದಳು: ಇನ್ನು ಮೇಲೆ ಕೆಲಸಕ್ಕೆ ಹೋಗುವ ಮುನ್ನ ದಿನವೂ ಮುಕ್ಕಾಲು ಗಂಟೆ, ಒಂದೇ ಬೀದಿ, ನಾಲ್ಕು ಹೆಜ್ಜೆಗಿಂತ ದೂರ ನಿಲ್ಲಬಾರದು. ಕ್ಯಾಮೆರಾವನ್ನು ಸೆರಗಿನ ಮರೆಯಲ್ಲಿ ಇಡಬಾರದು. ಯಾರಾದರೂ ಬೇಡವೆಂದರೆ ಅವರ ಎದುರೇ ಅಳಿಸಬೇಕು. ಏನೇ ಆಗಲಿ, ಓಡಬಾರದು.

ಓಡಬಾರದು ಎಂಬುದು ಮೊದಲ ದಿನವೇ ಕಷ್ಟವಾಯಿತು. ತರಕಾರಿ ಗಾಡಿಯವನು ಆಕಳಿಸುವಾಗ ಕ್ಲಿಕ್ಕಿಸಿದಳು. ಅವನು ಬಾಯಿ ಮುಚ್ಚುವ ಮೊದಲೇ ಕೂಗಿದ.

"ಏನ್ರೀ ಅದು? ನಾನೇನು ಅಂಗಡೀಲಿ ನಿಲ್ಲಿಸಿರೋ ಬೊಂಬೆನಾ?"

ಓಡಿಬಿಡೋಣ ಎನಿಸಿತು. ಆದರೂ ನಿಂತಳು. "ನೋಡಿ, ಇಷ್ಟೇ ತೆಗೆದಿದ್ದು. ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ."

ಅವನು ಬಗ್ಗಿ ನೋಡಿದ. "ಥೂ, ಹಲ್ಲೆಲ್ಲಾ ಕಾಣ್ತಿದೆ. ತೆಗೀರಿ ಅದನ್ನ." ಅಳಿಸಿದಳು. "ಅಷ್ಟೇನಾ?" ಎಂದು ಟೊಮೆಟೊ ಜೋಡಿಸಲು ಹೋದ. ಆಕಾಶವೇನೂ ಕಳಚಿ ಬೀಳಲಿಲ್ಲ. ಲ್ಯಾಬಿನವರೆಗೂ ಅವಳು ಒಬ್ಬಳೇ ನಗುತ್ತಾ ನಡೆದಳು.

ಆದರೆ ಧೈರ್ಯ ಬಂದ ಮಾತ್ರಕ್ಕೆ ಚಿತ್ರ ಬರಲಿಲ್ಲ. ತಲೆ ಕತ್ತರಿಸಿದವು, ಮಸುಕಾದವು, ಕಣ್ಣು ಮುಚ್ಚಿದವು. ಎರಡು ತಿಂಗಳು ಹೀಗೇ ಕಳೆಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ನರ ಸಿಗದೆ ಎಷ್ಟೋ ತೋಳುಗಳನ್ನು ಹಣ್ಣು ಮಾಡಿದ್ದಳು. ಮೊದಲು ಬೆರಳಿನಿಂದ ಹುಡುಕು, ಆಮೇಲೆ ಸೂಜಿ ಎತ್ತು ಎಂದು ಹಿರಿಯ ನರ್ಸ್ ಗದರಿದ್ದರು. ಇಲ್ಲೂ ಹಾಗೇ ಮಾಡಿ ನೋಡೋಣವೆಂದು ಒಂದು ವಾರ ಕ್ಯಾಮೆರಾ ಎತ್ತದೆ ಬರೀ ನಿಂತಳು. ಆಗ ಕಂಡದ್ದು: ಏಳು ನಲವತ್ತಕ್ಕೆ ದರ್ಜಿಯ ಅಂಗಡಿಯ ಗಾಜಿಗೆ ಬಿಸಿಲು ಬಡಿದು, ಎದುರಿನ ಬೀಗದ ಅಂಗಡಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಬೀಳುತ್ತದೆ. ಅಲ್ಲಿ ಬಂದವರ ಮುಖ ತೊಳೆದಿಟ್ಟಂತೆ ಹೊಳೆಯುತ್ತದೆ. ಅಂದಿನಿಂದ ಅವಳ ಜಾಗ ಆ ಮೆಟ್ಟಿಲ ಎದುರು.

ಒಂದು ಬೆಳಿಗ್ಗೆ ಬೀಗದ ಅಂಗಡಿಯಿಂದ ಹೆಂಗಸೊಬ್ಬಳು ಇಳಿದಳು. ಮೂವತ್ತೈದು ಇರಬಹುದು. ಅಂಗೈಯಲ್ಲಿ ಹೊಸದಾಗಿ ಕೊರೆದ ಬೀಗದ ಕೈ. ಅದನ್ನು ಬಿಸಿಲಿಗೆ ಹಿಡಿದಳು, ತಿರುಗಿಸಿದಳು, ಇದ್ದಕ್ಕಿದ್ದಂತೆ ನಕ್ಕಳು. ಯಾರೂ ಜೊತೆಗಿಲ್ಲದ, ಹೊಟ್ಟೆಯಿಂದ ಬಂದ ನಗು. ಸೊಳ್ಳೆಯಕ್ಕ ಒಂದೇ ಒಂದು ಸಲ ಒತ್ತಿದಳು. ಒತ್ತುವಾಗಲೇ ಗೊತ್ತಾಯಿತು, ಸಿಕ್ಕಿತು ಎಂದು.

ಹೆಂಗಸಿನ ನಗು ನಿಂತಿತು. ನೇರ ಹತ್ತಿರ ಬಂದಳು.

"ನನ್ನ ಫೋಟೋ ತೆಗೆದ್ರಾ?"

"ಹೂಂ. ನೋಡಿ."

ಅವಳು ತುಂಬಾ ಹೊತ್ತು ನೋಡಿದಳು. "ನಾನು ನಕ್ಕರೆ ಹೀಗೆ ಕಾಣ್ತೀನಾ?" ಆಮೇಲೆ ದನಿ ತಗ್ಗಿಸಿ, "ಅಳಿಸ್ಬಿಡಿ ಮೇಡಂ. ಇದು ನನ್ನ ಹೊಸ ರೂಮಿನ ಕೀಲಿ. ನಾನು ಎಲ್ಲಿದ್ದೀನಿ ಅಂತ ಮನೇಲಿ ಒಬ್ಬರಿಗೆ ಗೊತ್ತಾಗಬಾರದು" ಎಂದಳು.

ಸೊಳ್ಳೆಯಕ್ಕ ಆ ಚಿತ್ರವನ್ನು ಮತ್ತೊಮ್ಮೆ ನೋಡಿದಳು. ಎರಡೂವರೆ ತಿಂಗಳಿಗೆ ಸಿಕ್ಕ ಒಂದೇ ಒಂದು. ಯಾರಿಗೂ ತೋರಿಸಲ್ಲ ಎಂದು ಹೇಳಬಹುದಿತ್ತು. ಬೇರೊಂದು ಚಿತ್ರ ಅಳಿಸಿ ಕಣ್ಣಿಗೆ ಮಣ್ಣೆರಚಬಹುದಿತ್ತು. ಕ್ಯಾಮೆರಾವನ್ನು ಇಬ್ಬರಿಗೂ ಕಾಣುವಂತೆ ಹಿಡಿದು ಗುಂಡಿ ಒತ್ತಿದಳು. ಪರದೆಯ ಮೇಲೆ ಅದರ ಹಿಂದಿನ ಚಿತ್ರ ಬಂತು, ಒಂದು ಖಾಲಿ ಮೆಟ್ಟಿಲು.

"ಹೋಯ್ತು," ಎಂದಳು.

ಹೆಂಗಸು ಅವಳ ಮಣಿಕಟ್ಟನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಬಿರಬಿರನೆ ನಡೆದುಹೋದಳು.

ಸಂಜೆ ತಂಗಿ ಹಣೆ ಚಚ್ಚಿಕೊಂಡಳು. "ಇಟ್ಕೊಂಡಿದ್ರೆ ಅವಳಿಗೇನು ಕನಸು ಬೀಳ್ತಿತ್ತಾ?"

"ಇಟ್ಕೊಂಡ್ರೆ ನಾಳೆ ಅದೇ ಬೀದೀಲಿ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?"

"ನಾಳೆ ಮತ್ತೆ ಹೋಗ್ತೀಯಾ?"

"ಇನ್ನೇನು ಮತ್ತೆ? ಒಂದು ಸಲ ಬಂತಲ್ಲ, ಇನ್ನೊಂದು ಸಲ ಬರುತ್ತೆ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ರಾತ್ರಿ ಅವಳು ಸ್ವಲ್ಪ ಅತ್ತಳು ಕೂಡ. ಬೆಳಿಗ್ಗೆ ಮೋಡ, ಮೆಟ್ಟಿಲ ಮೇಲೆ ಬಿಸಿಲಿಲ್ಲ. ಆದರೂ ಮುಕ್ಕಾಲು ಗಂಟೆ ನಿಂತಳು. ಏನೂ ಸಿಗಲಿಲ್ಲ. ಮರುದಿನವೂ ಇಲ್ಲ. ಒಂಬತ್ತನೆಯ ದಿನ, ಕಿಟಕಿ ಒರೆಸುವ ಇಬ್ಬರು ಒಂದೇ ಏಣಿಗಾಗಿ ಜಗಳವಾಡುತ್ತಾ, ಬೈಯುವುದನ್ನು ಮರೆತು ಒಟ್ಟಿಗೆ ಸೀನಿದರು. ಅದು ಸಿಕ್ಕಿತು. ಇಬ್ಬರೂ ಬಂದು ನೋಡಿ, "ಅಕ್ಕಾ, ನಮಗೊಂದೊಂದು ಪ್ರತಿ ಕೊಡಿ" ಎಂದು ಬೆನ್ನುಬಿದ್ದರು.

ವರ್ಷ ಮುಗಿಯುವಷ್ಟರಲ್ಲಿ ಒಳ್ಳೆಯವು ಎನ್ನಬಹುದಾದವು ಹನ್ನೊಂದಾದವು. ಬಡಾವಣೆಯ ಗ್ರಂಥಾಲಯದವರು ತಮ್ಮ ಗೋಡೆಗೆ ಮೂರನ್ನು ಆರಿಸಿಕೊಂಡರು. ಅವಳಿಗೆ ತೀರಾ ಇಷ್ಟವಾಗಿದ್ದದ್ದನ್ನು ಬಿಟ್ಟರು. ಅದಕ್ಕೆ ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಬೆಳಿಗ್ಗೆ ಅವಳು ಆ ಬೀದಿಗೆ ಹೋಗಲಿಲ್ಲ. ಅದರಾಚೆ, ಬಸ್ಸುಗಳು ತಿರುಗುವ ಅಗಲ ರಸ್ತೆಯಲ್ಲಿ, ಯಾರ ಪರಿಚಯವೂ ಇಲ್ಲದ ಜನರ ನಡುವೆ ಹೋಗಿ ನಿಂತು, ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ನೋಡತೊಡಗಿದಳು.