ಹಸಿ ಕೆಂಪು

ಶವಪೆಟ್ಟಿಗೆ ಬಾಗಿಲಲ್ಲಿ ತಿರುಗಲಿಲ್ಲ. ಹಿಂದಿನ ತುದಿ ಹಿಡಿದಿದ್ದ ನೆರೆಮನೆಯ ಏಬ್ನರ್ ಒಂದು ಹೆಜ್ಜೆ ಸರಿದ. ಅವನ ಭುಜ ಚಿತ್ರಕ್ಕೆ ಒರಗಿತು.

"ನೋಡ್ಕೊಂಡು, ನೋಡ್ಕೊಂಡು," ಎಂದ ಜೋಥಮ್. "ಅಪ್ಪನ ಕೊನೇ ಚಿತ್ರ ಅದು."

ಬಂದವರೆಲ್ಲ ನೋಡಲಿ ಎಂದು ಅದನ್ನು ತಂದೆಯ ತಲೆದೆಸೆಗೆ ನಿಲ್ಲಿಸಿದ್ದವನು ಅವನೇ. ಹಿಂದೆ ಕ್ಯಾಟ್‌ಸ್ಕಿಲ್ ಬೆಟ್ಟ, ಕೆಳಗೆ ಹಡ್ಸನ್ ನದಿ, ಮುಂದೆ ಎಲೆ ಕೆಂಪಾದ ಮೇಪಲ್ ಮರಗಳು. ತೀರಿಕೊಂಡ ಓರ್ವಿಲ್ ಹ್ಯಾಸ್‌ಬ್ರೂಕರು ಬರೆದ ಶರತ್ಕಾಲವೆಂದರೆ ನ್ಯೂಯಾರ್ಕಿನ ದೊಡ್ಡ ಮನೆಗಳಲ್ಲಿ ಹೆಸರುವಾಸಿ.

ಪೆಟ್ಟಿಗೆ ಕೆಳಗಿಟ್ಟರು. ಏಬ್ನರ್ ಭುಜ ಸವರಿಕೊಂಡು ಬೆರಳು ನೋಡಿದ. ಕೆಂಪು.

"ಬಣ್ಣ ಇನ್ನೂ ಹಸಿ ಇದೆಯಲ್ಲೋ," ಎಂದ. "ನಿಮ್ಮಪ್ಪ ಸೇಬಿನ ಕೊಯ್ಲಿಂದ್ಲೂ, ಮೂರ್ನಾಲ್ಕು ತಿಂಗಳು, ಹಾಸಿಗೇಲಿದ್ರು."

ಮೂಲೆಯಲ್ಲಿ ಜೋಥಮನ ತಂಗಿ ಕೆಜಿಯಾ ಕುಳಿತಿದ್ದಳು. ಬೆಳಗಿನಿಂದ ಕಪ್ಪು ಉಡುಪಿನ ತೋಳಿನೊಳಗೆ ಅಡಗಿಸಿದ್ದ ಕೈಗಳನ್ನು ಮೆಲ್ಲಗೆ ಹೊರತಂದು ಮಡಿಲಲ್ಲಿಟ್ಟಳು. ಉಗುರಿನ ಸಂದಿಯಲ್ಲಿ ಅದೇ ಕೆಂಪು. ಯಾರಾದರೂ ಕೇಳಲಿ. ಕೇಳಿದರೆ ಈ ಸಲ ಸುಳ್ಳು ಹೇಳುವುದಿಲ್ಲ.

\*

ಅಪ್ಪನ ಕೈ ನಡುಗತೊಡಗಿದಾಗ ಅವಳಿನ್ನೂ ಹುಡುಗಿ. "ಎಲೆ ಮಾತ್ರ ನೀನು ಹಾಕಮ್ಮ," ಎಂದಿದ್ದ. ಆಮೇಲೆ ಬಂಡೆ ಹಾಕಿದಳು, ನದಿ ಹಾಕಿದಳು, ಆಕಾಶ ಹಾಕಿದಳು. ಕೊನೆಗೆ ಕೆಳಗಡೆ ಅವನ ಹೆಸರನ್ನೂ.

ಒಂದು ಚಳಿಗಾಲ ಕಿಟಕಿಯಲ್ಲಿ ಕಂಡಂತೆಯೇ ಹಿಮ ಬಿದ್ದ ಕಣಿವೆಯನ್ನು ಬರೆದು ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ. ಆದ್ರೆ ನಾನು ಹಿಮ ಬರೆಯಲ್ಲ ಅಂತ ಎಲ್ರಿಗೂ ಗೊತ್ತಲ್ಲ."

ಕ್ಯಾನ್ವಾಸ್ ಹಾಳಾಗಬಾರದೆಂದು ಅದರ ಮೇಲೆಯೇ ಇನ್ನೊಂದು ಶರತ್ಕಾಲ ಬರೆದಳು. ಕಿಟಕಿಯಾಚೆ ಹಿಮ ಸುರಿಯುತ್ತಲೇ ಇತ್ತು.

\*

"ಎಣ್ಣೆಬಣ್ಣ ಕಣಣ್ಣ, ಈ ಚಳೀಲಿ ಒಣಗುತ್ತಾ ಎಲ್ಲಾದ್ರೂ?" ಜೋಥಮ್ ನಕ್ಕ.

"ನಂಗೇನು ಗೊತ್ತಪ್ಪ. ನಾನು ಬಣ್ಣ ಬಳಿದಿದ್ದು ದನದ ಕೊಟ್ಟಿಗೆಗೆ ಮಾತ್ರ." ಏಬ್ನರನೂ ನಕ್ಕ.

ಏಬ್ನರನ ಹೆಂಡತಿ ಹಲ್ಡಾ ಕೆಜಿಯಾಳ ಕೈ ಹಿಡಿದುಕೊಂಡಳು. "ಉಗುರೆಲ್ಲ ಹೆಂಗಾಗಿದೆ ನೋಡು. ಅಪ್ಪನ ಕುಂಚ ತೊಳೆಯೋದ್ರಲ್ಲೇ ನಿನ್ನ ವಯಸ್ಸು ಕಳೆದುಹೋಯ್ತಲ್ಲೇ ತಾಯಿ."

"ತೊಳೆದಿದ್ದಲ್ಲ, ಹಲ್ಡಕ್ಕ," ಎಂದಳು ಕೆಜಿಯಾ. "ಅದು ನಾನೇ..."

"ಎತ್ತಿ, ಎತ್ತಿ, ಹೊತ್ತಾಯ್ತು," ಎಂದು ಜೋಥಮ್ ದನಿ ಏರಿಸಿದ. ಎಲ್ಲರೂ ಪೆಟ್ಟಿಗೆಯತ್ತ ತಿರುಗಿದರು. ಹಲ್ಡಾ ಅವಳ ಕೈ ಬಿಟ್ಟು ಕಣ್ಣೊರೆಸಿಕೊಂಡಳು.

ಹೊರಡುವ ಮುನ್ನ ಜೋಥಮ್ ತಂಗಿಯ ಬಳಿ ಬಗ್ಗಿದ. "ಚಿತ್ರದಲ್ಲಿ ಅಳಿಸಿಹೋದ ಆ ಮರ ಸರಿಮಾಡಿಡು. ಚಳಿಗೆ ನೆಲ ಕಲ್ಲಾಗಿದೆ, ಏಪ್ರಿಲ್ ತನಕ ಗುಂಡಿ ತೋಡಕ್ಕಾಗಲ್ಲ, ಅಲ್ಲೀವರೆಗೂ ಅಪ್ಪ ಸ್ಮಶಾನದ ಕಲ್ಲುಕೋಣೇಲೇ ಇರ್ತಾರೆ. ಮಣ್ಣು ಮಾಡೋ ದಿನ ಚಿತ್ರದ ವ್ಯಾಪಾರಿ ಬರ್ತಾನಂತೆ. ಅಪ್ಪ ಬಿಟ್ಟುಹೋಗಿದ್ದು ಅಂತ ಇನ್ನೊಂದೆರಡು ಸಿಕ್ಕಿದ್ರೆ ಒಳ್ಳೇದು."

"ಅಪ್ಪ ಹೋಗ್ಬಿಟ್ರು, ಜೋಥಮ್."

"ಮಣ್ಣಾಗಿಲ್ವಲ್ಲ ಇನ್ನೂ."

ಪೆಟ್ಟಿಗೆ ಹೊತ್ತು ಹಿಮದ ಮೇಲೆ ಜಾರುವ ಬಂಡಿಯ ಹಿಂದೆ ಗಂಡಸರು ನಡೆದರು. ಹೆಂಗಸರು ಅಡುಗೆಮನೆಯಲ್ಲಿ ತಟ್ಟೆ ಜೋಡಿಸತೊಡಗಿದರು. ಕೆಜಿಯಾ ಕುಂಚ ಹಿಡಿದು ಕಿಟಕಿಗೆ ಬಂದಳು. ಅವಳ ಉಸಿರಿಗೆ ಗಾಜು ಮಬ್ಬಾಯಿತು, ಅಂಗೈಯಿಂದ ಒರೆಸಿದಳು. ಕಣಿವೆ ಉದ್ದಕ್ಕೂ ಬಿಳಿ, ಅದರಲ್ಲಿ ಕಪ್ಪು ಕೋಟುಗಳ ಒಂದು ಸಾಲು. ಸಾಲಿನ ಕೊನೆಗೆ ಏಬ್ನರನ ಭುಜದ ಮೇಲಿನ ಕೆಂಪು, ಚಿಕ್ಕದಾಗುತ್ತ ಚಿಕ್ಕದಾಗುತ್ತ, ಬೆಟ್ಟದ ತಿರುವು ದಾಟಿ ಹೋಯಿತು.