ದೇವರಿಗೆ ಉಪವಾಸ

ನಮ್ಮ ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಗ್ರಾಂಟ್ ರೋಡಿನ ನಮ್ಮ ಹೋಟೆಲಿಗೆ ಬರುವವರೆಲ್ಲ ಪೂವಪ್ಪಣ್ಣ ಎಂದು ಕೂಗುವುದರಿಂದ ನನಗೆ ಆ ಕಷ್ಟವೂ ಇಲ್ಲ. ಒಳ್ಳೆಯ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಆ ವರ್ಷ ಅವರು ಸಿಟ್ಟಾದದ್ದು ಗಿರಾಕಿಗಳ ಮೇಲಲ್ಲ, ನನ್ನ ಮೇಲೂ ಅಲ್ಲ, ದೇವರ ಮೇಲೆ.

ಬೆಳಗಿನ ಮೊದಲ ಇಡ್ಲಿ ಗಲ್ಲಾದ ಮೇಲಿರುವ ಕೃಷ್ಣನ ಪಟಕ್ಕೆ ಎನ್ನುವುದು ಹೋಟೆಲು ತೆರೆದಂದಿನಿಂದ ನಮ್ಮ ಪದ್ಧತಿ. ನನ್ನ ನಾದಿನಿ ವಾರಿಜಾ ಸಿಡುಬಿನಲ್ಲಿ ತೀರಿಕೊಂಡಳಲ್ಲ, ಸೂತಕ ಕಳೆದು ಬಾಗಿಲು ತೆಗೆದ ದಿನ ಇವರು ಅದನ್ನು ನಿಲ್ಲಿಸಿಬಿಟ್ಟರು.

"ಹಾಲು ಕುಡಿಯುವ ಕೂಸನ್ನು ಬಿಟ್ಟು ತಾಯಿಯನ್ನು ಕೊಂಡುಹೋದವನಿಗೆ ನಾನು ಎಂತಕ್ಕೆ ಇಡ್ಲಿ ಕೊಡಬೇಕು? ಇರಲಿ ಉಪವಾಸ" ಎಂದರು.

ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು ಬರುವ ಮೈಸೂರಿನ ನಂಜುಂಡಯ್ಯನವರು ಕಾಫಿ ಕುಡಿಯುತ್ತ ಸಮಾಧಾನ ಹೇಳಲು ಹೋದರು. "ಎಲ್ಲ ಪೂರ್ವಜನ್ಮದ ಕರ್ಮ ಕಣ್ರೀ, ಪೂವಪ್ಪ."

"ಎರಡು ತಿಂಗಳ ಕೂಸು ಯಾವ ಜನ್ಮದಲ್ಲಿ ಯಾರ ಮನೆ ಕೊಳ್ಳೆ ಹೊಡೆದಿತ್ತು ಸ್ವಾಮಿ?" ಎಂದರು ಇವರು. ನಂಜುಂಡಯ್ಯನವರು ಕಾಫಿಯನ್ನು ಬಿಸಿಬಿಸಿಯಾಗಿಯೇ ಕುಡಿದು ಎದ್ದುಹೋದರು.

ಕೂಸಿನ ಹೆಸರು ರಾಜೀವಿ. ಅಪ್ಪ ಹಡಗಿನ ಕೆಲಸಕ್ಕೆ ಹೋದವನು. ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಹೇಗೂ ಮಕ್ಕಳು ತಾಯಿಯ ಮನೆಗೇ ಸೇರಿದವರು, ಸೋದರಮಾವನೇ ದಿಕ್ಕು. ಇವರಿಗಂತೂ ರಾಜೀವಿ ಎಂದರೆ ಪ್ರಾಣ. ಆದರೆ ಕೂಸಿಗೆ ಮೊದಲ ತುತ್ತು ಮಾವನ ಕೈಯಿಂದ ಆಗಬೇಕು, ಅದೂ ದೇವರಿಗೆ ಬಡಿಸಿದ ಎಲೆಯಿಂದ ತೆಗೆದದ್ದು. ಇವರೋ ಆ ಎಲೆ ಮುಟ್ಟುವುದಿಲ್ಲ ಎಂದು ಹಟ ಹಿಡಿದವರು. ಏಳು ತಿಂಗಳಾಗುವಾಗ ಎರಡು ಹಲ್ಲು ಮೂಡಿ, ಕೂಸು ಮಾವನ ಅಂಗಿಯ ಕಾಲರನ್ನೇ ಅಗಿಯುತ್ತಿತ್ತು. ಬರೀ ಹಾಲು ಕುಡಿದು ಸೊರಗುತ್ತದೆಂದು ನನಗೆ ಒಂದೇ ಚಿಂತೆ.

"ದೇವರು ಕಾರಣ ಹೇಳಲಿ, ಆಮೇಲೆ ತುತ್ತು" ಎಂಬುದು ಇವರ ಒಂದೇ ಮಾತು. ಅದರಲ್ಲಿ ಇವರ ತಪ್ಪೂ ಇಲ್ಲ. ಊರಿನಲ್ಲಿ ಭೂತದ ನೇಮದ ದಿನ ಮೈಮೇಲೆ ಬಂದ ದೈವವನ್ನು ಎದುರಿಗೇ ನಿಂತು ಕೇಳಿ ಅಭ್ಯಾಸವಾದವರು ನಾವು. ಎಮ್ಮೆ ಸತ್ತರೂ ಕೇಳುತ್ತೇವೆ, ದೈವ ನುಡಿ ಕೊಡಲೇಬೇಕು. ಆದರೆ ಮುಂಬಯಿಯ ಪಟ ಬಾಯಿಬಿಡುತ್ತದೆಯೇ? ಆಗ ನನಗೆ ಅಂಗಾರಣ್ಣನ ನೆನಪಾಯಿತು.

ಅಂಗಾರಣ್ಣ ನಮ್ಮ ಊರಿನ ನೇಮದಲ್ಲಿ ದೈವದ ವೇಷ ಕಟ್ಟುತ್ತಿದ್ದವನು. ಈಗ ಬೈಕುಲ್ಲಾದ ಮಿಲ್ಲಿನಲ್ಲಿದ್ದಾನೆ. ನೇಮ ಮುಗಿದ ಮೇಲೆ ಊರಿನಲ್ಲಿ ಅವನನ್ನು ಅಂಗಳದಾಚೆಗೆ ನಿಲ್ಲಿಸುತ್ತಿದ್ದೆವು. ಇಲ್ಲಿ ನಮ್ಮ ಬೆಂಚಿನ ಮೇಲೆಯೇ ಕೂರುತ್ತಾನೆ. ಭಾನುವಾರ ಅವನನ್ನು ಕರೆಸಿದೆ. ಏನಾದರಾಗಲಿ ಎಂದು ಗಲ್ಲಾದ ಮೇಲೆ ದೇವರಿಗೆ ಎಲೆ ಹಾಸಿ, ಇಡ್ಲಿಯನ್ನು ಬೆಲ್ಲದ ಪಾಕದಲ್ಲಿ ಹಿಸುಕಿ ಇಟ್ಟೆ. ಇವರು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಲ್ಲಾದಲ್ಲೇ ಇದ್ದರು.

"ನೀನೇ ಹೇಳು ಅಂಗಾರಣ್ಣ, ವಾರಿಜಾ ಎಂತ ತಪ್ಪು ಮಾಡಿದ್ದಳು?" ಎಂದು ಇವರೇ ಕೇಳಿದರು.

ಅಂಗಾರಣ್ಣ ಚಾದ ಗ್ಲಾಸು ಕೆಳಗಿಟ್ಟ. "ಇಲ್ಲಿ ಕಾಲಿಗೆ ಗಗ್ಗರ ಇಲ್ಲ, ಮುಖಕ್ಕೆ ಬಣ್ಣ ಇಲ್ಲ. ಇಲ್ಲಿ ನಾನು ಮಿಲ್ಲಿನ ಅಂಗಾರ ಮಾತ್ರ ಧಣಿ. ಆದರೆ ಒಂದು ಸಂಗತಿ ಉಂಟು. ನನ್ನ ಮಗ ಹೊಳೆಪಾಲಾದ ವರ್ಷವೂ ನಾನೇ ಗಗ್ಗರ ಕಟ್ಟಿದ್ದು. ನನ್ನ ಹೆಂಡತಿ ಎದುರು ಬಂದು ಕೇಳಿದಳಂತೆ, ನನ್ನ ಮಗನನ್ನು ಯಾಕೆ ಕಾಯಲಿಲ್ಲ ಅಂತ. ದೈವ ಮೈಮೇಲೆ ಇರುವಾಗ ನನಗೆ ಎಂತದೂ ಗೊತ್ತಾಗುವುದಿಲ್ಲ."

"ದೈವ ಎಂತ ನುಡಿ ಕೊಟ್ಟಿತು?"

"ನುಡಿಯೇ ಇಲ್ಲ. ಅವಳ ಎದುರು ನೆಲದಲ್ಲಿ ಕೂತು ಅತ್ತಿತಂತೆ. ಮುಖದ ಬಣ್ಣ ಎಲ್ಲ ಎದೆಗೆ ಇಳಿದಿತ್ತಂತೆ."

"ಅತ್ತದ್ದು ನೀನೋ, ದೈವವೋ?"

"ಹೇಗೆ ಹೇಳುವುದು ಧಣಿ? ಕಣ್ಣು ನನ್ನದೇ."

ಇವರು ತೊಡೆಯ ಮೇಲಿನ ಕೂಸನ್ನು ಮರೆತು ಅಂಗಾರಣ್ಣನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಟಪ್ ಎಂದು ಸದ್ದಾಯಿತು. ನೋಡಿದರೆ ರಾಜೀವಿಯ ಕೈ ದೇವರ ಎಲೆಯಲ್ಲಿ!

"ಅಯ್ಯೋ, ಮಾವ ಕೊಡದೆ ತಿಂದಳು!" ಎಂದು ನಾನು ಕೂಗಿಕೊಂಡೆ. ಅವಳು ಎರಡು ಹಲ್ಲಿನಲ್ಲಿ ಚಪ್ಪರಿಸಿ, ಕಣ್ಣರಳಿಸಿ, ಇನ್ನೊಂದು ಮುಷ್ಟಿ ತೆಗೆದು ಮಾವನ ಬಾಯಿಗೇ ಒತ್ತಿದಳು. ಮೀಸೆಯೆಲ್ಲ ಬೆಲ್ಲ. ಉಗುಳೋಣವೆಂದರೆ ಕೂಸಿನ ಕೈತುತ್ತು, ನುಂಗೋಣವೆಂದರೆ ದೇವರ ಎಲೆಯದು. ಕೊನೆಗೆ ನುಂಗಿದರು. ನುಂಗಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದ ಹಾಗೆಯೇ ನಗತೊಡಗಿದರು. ಅಂಗಾರಣ್ಣನೂ ನಕ್ಕ. ಮೂಲೆಯಲ್ಲಿದ್ದ ನಂಜುಂಡಯ್ಯನವರು, "ಮೊದಲ ತುತ್ತು ಮಾವನಿಗೇ ಆಯ್ತಲ್ರೀ! ಸ್ವೀಟ್ ಎಲ್ಲಿ?" ಎಂದರು. ಅಂದು ಬಂದವರಿಗೆಲ್ಲ ಪುಕ್ಕಟೆ ಶೀರಾ. ವಾರಿಜಾ ಹೋದಮೇಲೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಇವರೇ ಮೊದಲ ಇಡ್ಲಿ ತೆಗೆದು ಪಟದ ಮುಂದಿಟ್ಟರು. "ಜವಾಬು ಇನ್ನೂ ಬಂದಿಲ್ಲ, ಗೊತ್ತುಂಟಲ್ಲ? ನಾನು ಕೇಳುವುದು ಬಿಡುವುದಿಲ್ಲ" ಎಂದು ಕೃಷ್ಣನಿಗೆ ಬೆರಳು ತೋರಿಸಿದರು.

"ಮತ್ತೆ ಇಡ್ಲಿ ಎಂತಕ್ಕೆ?" ಎಂದು ನಾನು ಕೆಣಕಿದೆ.

"ನಮ್ಮ ಜೊತೆ ಅಳುವವರನ್ನು ಉಪವಾಸ ಕೆಡವುವುದುಂಟಾ ಮಾರಾಯ್ತಿ?" ಎಂದವರು ಎಲೆಗೆ ಇನ್ನೊಂದು ಇಡ್ಲಿ ಹಾಕಿದರು.