ಧಾರಣೆಗಿಂತ ಮೊದಲು

ಮಹಾಲಿಂಗಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ, ಮಲ್ಲೇಶಪ್ಪ ಹೊಸ್ತಿಲಲ್ಲೇ ದ್ಯಾಮಪ್ಪನ ಕಿವಿಗೆ ಬಾಯಿಟ್ಟ. ಇಬ್ಬರೂ ಹಾನಗಲ್ ಪೇಟೆಯಲ್ಲಿ ಸತ್ತವನ ಜೊತೆ ಭತ್ತದ ವ್ಯಾಪಾರ ಮಾಡಿದವರು.

"ಜಪಾನದಾಗ ಒಂದ ಬಾಂಬಿಗೆ ಊರಿಗೆ ಊರ ಸುಟ್ಟತಂತ. ಲಡಾಯಿ ಮುಗೀತಂದ್ರ ಬರ್ಮಾ ಅಕ್ಕಿ ಮತ್ತ ಬರತೈತಿ."

"ಹಂಗಾದ್ರ ಇವತ್ತ ಮಾಲ್ ಮಾರಬೇಕು. ಮಣ್ಣ ಮಾಡೂತನಕ ಕುಂತ್ರ ಧಾರಣಿ ಬಿದ್ದಿರತೈತಿ."

ಹೊಸ್ತಿಲ ಕೆಳಗೆ ಅಂಗಳದಲ್ಲಿ ಕುಳಿತಿದ್ದ, ಆ ಮನೆಯ ಭತ್ತ ಕೇರುವ ಹುಸೇನಬಿ ತಲೆಯೆತ್ತಿದಳು. "ಆ ಊರಾಗ ಮಂದಿ ಎಷ್ಟ ಸತ್ತಾರಂತ್ರಿ, ಸಾವಕಾರ್ರ?"

ಇಬ್ಬರೂ ಚಪ್ಪಲಿ ಮೆಟ್ಟಿ ಪೇಟೆಯ ಕಡೆ ನಡೆದರು. ಸತ್ತವನ ಹೆಂಡತಿ ಸರೋಜವ್ವ ಅಳು ನಿಲ್ಲಿಸಿ ಅವಳ ಕಡೆ ನೋಡಿದಳು. ಈ ಮನೆಯಲ್ಲಿ ದಿನವೂ ಆ ಪ್ರಶ್ನೆ ಕೇಳುತ್ತಿದ್ದವನು ಈಗ ಗೋಡೆಗೊರಗಿದ್ದ.

*

ಸುಮಾರು ನಾಲ್ಕು ವರ್ಷದ ಹಿಂದೆ, ಬರ್ಮಾದ ರಂಗೂನಿನ ಮೇಲೆ ಜಪಾನಿನ ಬಾಂಬು ಬಿದ್ದ ದಿನ ಮಹಾಲಿಂಗಪ್ಪನ ಅಂಗಡಿಯ ರೇಡಿಯೋ ಸುತ್ತ ಇಡೀ ಪೇಟೆ ನೆರೆದಿತ್ತು. ಇನ್ನು ಬರ್ಮಾ ಅಕ್ಕಿ ಬರುವುದಿಲ್ಲ, ನಮ್ಮ ಭತ್ತವೇ ಬಂಗಾರ ಎಂದು ಅವನೇ ಪೇಢೆ ತರಿಸಿದ. ಹಿತ್ತಲಲ್ಲಿ ಭತ್ತ ಕೇರುತ್ತಿದ್ದ ಹುಸೇನಬಿಯ ಕೈಗೂ ಒಂದನ್ನಿಟ್ಟ.

"ಏನ್ ಖುಷಿ ಸುದ್ದಿರಿ?"

"ರಂಗೂನ ಸುಟ್ಟತ ನೋಡವಾ" ಅಂದಮೇಲೆ ಅವನಿಗೆ ನೆನಪಾಯಿತು. ಅವಳ ಮಗ ರಂಗೂನಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಆ ಕೆಲಸ ಕೊಡಿಸಿದವನು ಮಹಾಲಿಂಗಪ್ಪನೇ.

"ಮಂದಿ ಎಷ್ಟ ಸತ್ತಾರಂತ್ರಿ?"

ರೇಡಿಯೋದಲ್ಲಿ ಅದನ್ನೂ ಹೇಳಿದ್ದರು. ಅವನು ಕಿವಿಗೊಟ್ಟಿರಲಿಲ್ಲ.

ಹುಡುಗ ಮರಳಲಿಲ್ಲ. ಮುಂದೆ ಯಾವ ಊರಿನ ಸುದ್ದಿ ಬಂದರೂ ಮಹಾಲಿಂಗಪ್ಪ ಧಾರಣೆಗಿಂತ ಮೊದಲು ಸತ್ತವರೆಷ್ಟು ಎಂದು ಕೇಳುತ್ತಿದ್ದ. ಬೇಸತ್ತ ಜೊತೆಗಾರರು ಅವನ ಅಂಗಡಿಗೆ ಬರುವುದನ್ನೇ ಬಿಟ್ಟರು. ಅವನೇನೂ ವ್ಯಾಪಾರ ಬಿಡಲಿಲ್ಲ. ಭತ್ತ ಮಾರಿದ, ಲಾಭವನ್ನೂ ಮಾಡಿದ. ಸುದ್ದಿ ಮುಗಿಯುವವರೆಗೆ ಮಾತ್ರ ತಕ್ಕಡಿ ಮುಟ್ಟುತ್ತಿರಲಿಲ್ಲ.

*

ಹೂವಿನ ಕುರ್ಚಿಯಲ್ಲಿ ಕೂಡಿಸಿದ ಹೆಣವನ್ನು ಎತ್ತುವ ಹೊತ್ತಿಗೆ ವ್ಯಾಪಾರಿಗಳಾರೂ ಇರಲಿಲ್ಲ. ಹಮಾಲರು ಹೆಗಲು ಕೊಟ್ಟರು.

"ಏಳವಾ, ನನ್ನ ಸಂಗಾಟ ನಡಿ" ಎಂದು ಸರೋಜವ್ವ ಹುಸೇನಬಿಯ ಕೈ ಹಿಡಿದಳು.

"ನಾ ಬಂದ್ರ ಮಂದಿ ಏನಂತಾರ್ರಿ, ಅವ್ವಾರ?"

"ಮಂದಿ ಎಲ್ಲದಾರ? ಎಲ್ಲಾರೂ ಪ್ಯಾಟಿಗೆ ಹೋಗ್ಯಾರ."

ಭಜನೆಯವರ ಹಿಂದೆ ಇಬ್ಬರೂ ನಡೆದರು. ಪೇಟೆಯಲ್ಲಿ ಭತ್ತದ ಮಾರಾಟ ಭರದಿಂದ ನಡೆದಿತ್ತು. ಹೆಣ ಬಂದದ್ದು ಕಂಡು ಗದ್ದಲ ಅಡಗಿತು, ಎಲ್ಲರೂ ಎದ್ದು ನಿಂತರು. ಮಲ್ಲೇಶಪ್ಪ ತಲೆ ಬಾಗಿಸಿ ಕಣ್ಣು ಮುಚ್ಚಿದ. ಪಕ್ಕದಲ್ಲೇ ಹುಬ್ಬಳ್ಳಿಯ ದಲಾಲನೂ ಕಣ್ಣು ಮುಚ್ಚಿದ್ದ. ಒಂದಕ್ಕೊಂದು ಕೂಡಿದ್ದ ಅವರಿಬ್ಬರ ಕೈಗಳ ಮೇಲೆ ಹೆಗಲಿನ ವಲ್ಲಿಬಟ್ಟೆ ಹೊದಿಸಿದ್ದರು. ಅದರ ಮರೆಯಲ್ಲಿ, ದರ ಹೇಳುವ ಬೆರಳುಗಳು ಮಿಸುಕುತ್ತಲೇ ಇದ್ದವು.